ಎದುರುತ್ತರ

"ಇರಾದ್ನೇ ಏಳ್ದೆ ಕಣಕ್ಕ. ಪೊಲೀಸ್ನೋರ ಮುಂದೆ ಸುಳ್ಳು ಏಳಕ್ಕಾದದಾ?" ಎಂದು ಪಕ್ಕದ ಮನೆಯ ಲಿಂಗಯ್ಯ ಬೇಲಿಯ ಆಚೆಯಿಂದಲೇ ಅಂದ. ಈಚೆಗೆ ಬರುವಷ್ಟು ಧೈರ್ಯ ಅವನಿಗಿರಲಿಲ್ಲ.

ಬೇಲಿಯ ಈಚೆ ಸುಂದ್ರಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ನಿಂತಿದ್ದಳು. ಅವಳು ಹಾಗೆ ಸೆರಗು ಬಿಗಿದಳೆಂದರೆ ಎದುರಿಗಿದ್ದವರು ಹುಷಾರಾಗಬೇಕು ಎಂಬುದು ಗುರುಪುರದ ಆ ಬೀದಿಗೆಲ್ಲ ಗೊತ್ತು. ವಿಚಾರಣೆಗೆಂದು ಹುಣಸೂರಿನಿಂದ ಬಂದಿದ್ದ ಕಾನ್‌ಸ್ಟೇಬಲ್ ಆಗಷ್ಟೇ ಬೈಕು ಹತ್ತಿ ಹೋಗಿದ್ದ.

"ಏನೇಳ್ದೆ? ಬಾಯ್ಬುಟ್ಟು ಏಳ್ಲಾ."

"ಅತ್ತೆ ಸೊಸೆ ಎಂಗವ್ರೆ ಅಂತ ಕೇಳುದ್ರು. ದಿನಾ ಜಗಳ, ಒಬ್ರ ಮಕ ಕಂಡ್ರೆ ಒಬ್ರಿಗಾಗಕಿಲ್ಲ ಅಂದೆ. ಅಲ್ವಾ ಮತ್ತೆ?" ಲಿಂಗಯ್ಯ ದನಿ ತಗ್ಗಿಸಿದ. "ಈ ವಯಸ್ನಲ್ಲಿ ಒಟ್ಟೆ ಕುಯ್ಸ್ಕೊಂಡು ಕಿಡ್ನಿ ಕೊಟ್ಬುಟ್ಟು ನೀನು ಮೂಲೆ ಸೇರ್ಬಾರ್ದು ಅಂತ ನಿನ್ ಒಳ್ಳೇದ್ಕೇ ಏಳ್ದೆ ಕಣಕ್ಕ."

"ನನ್ ಒಳ್ಳೇದ್ನ ನಿನ್ ತಾವ ಯಾವಾಗ್ಲಾ ಅಡ ಮಡಗಿದ್ದೆ?"

ಲಿಂಗಯ್ಯ ಹಸುವಿನ ಹಗ್ಗ ಬಿಚ್ಚತೊಡಗಿದ. ಸುಂದ್ರಮ್ಮನಿಗೆ ಇನ್ನೂ ನಾಲ್ಕು ಮಾತಾಡಬೇಕೆನ್ನಿಸಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಅದೇ ಕಷ್ಟವಾಗಿತ್ತು.

ಆ ಮನೆಯ ಜಗಳ ಇಂಥದ್ದಕ್ಕೇ ಎಂದು ಇರಲಿಲ್ಲ. ಸಾರಿಗೆ ಹುಳಿ ಹೆಚ್ಚಾಯಿತೆಂದು, ಹೊಗೆಸೊಪ್ಪಿನ ಎಲೆಗಳನ್ನು ಕೋಲಿಗೆ ಕಟ್ಟುವಾಗ ಗಂಟು ಸಡಿಲವಾಯಿತೆಂದು, ಪೊರಕೆಯನ್ನು ನಿಲ್ಲಿಸಿ ಇಟ್ಟದ್ದು ಯಾರೆಂದು, ಯಾವುದಕ್ಕಾದರೂ ಆಗುತ್ತಿತ್ತು. ಸೊಸೆ ಬೃಂದಾ ಪಿಯುಸಿ ಓದಿದವಳು. ಅತ್ತೆ ಒಂದಂದರೆ ಎರಡು ತಿರುಗಿ ಅನ್ನದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮಗ ಚೇತನ್‌ಕುಮಾರ್, ಗೂಡ್ಸ್ ಆಟೋ ಓಡಿಸಿ ದಣಿದು ಬಂದವನು, ಇಬ್ಬರ ದನಿಯೂ ಏರುತ್ತಿದ್ದಂತೆ ತಟ್ಟೆ ಎತ್ತಿಕೊಂಡು ಜಗಲಿಗೆ ಜಾಗ ಬದಲಾಯಿಸುತ್ತಿದ್ದ. ಏಳು ವರ್ಷದ ಸಂಸಾರದಲ್ಲಿ ಅವನು ಕಲಿತ ಬುದ್ಧಿ ಅದೊಂದೇ ಎಂದರೂ ತಪ್ಪಿಲ್ಲ.

ಕಳೆದ ವರ್ಷ ಬೃಂದಾಳ ಕಾಲು ಊದಿತು, ಆಮೇಲೆ ಮುಖ ಊದಿತು. ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ ಎಂದು ಮೈಸೂರಿನ ಡಾಕ್ಟರು ಹೇಳಿದರು. ಅಲ್ಲಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್. ದಿನಕ್ಕೆ ಕುಡಿಯುವ ನೀರು ಒಂದು ಸಣ್ಣ ಚೊಂಬು, ಅಷ್ಟೇ. ಬಾಯಾರಿ ಕೂತವಳ ಮುಂದೆ ನೀರು ಕುಡಿಯಲು ಮನಸ್ಸು ಬಾರದೆ ಸುಂದ್ರಮ್ಮ ಹಿತ್ತಲಿಗೆ ಹೋಗಿ ಕುಡಿದು ಬರುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತವಳು ವಾಡಿಕೆಯಂತೆ, "ಇದೇನು ಸಾರೋ, ಕಲಗಚ್ಚೋ?" ಎಂದಳು. ಅಂದವಳು ತಿರುಗೇಟಿಗೆ ತಯಾರಾಗಿ ಕಾದಳು. ಗೋಡೆಗೆ ಒರಗಿ ಕೂತಿದ್ದ ಬೃಂದಾ ಕಣ್ಣು ಮುಚ್ಚಿಕೊಂಡೇ, "ಹೌದು ಅತ್ತೆ" ಅಂದಳು.

ಆ "ಹೌದು ಅತ್ತೆ" ಸುಂದ್ರಮ್ಮನ ಎದೆಗೆ ಬಡಿಯಿತು. ಕೈಯಲ್ಲಿದ್ದ ಮುದ್ದೆಯ ತುತ್ತು ಕೈಯಲ್ಲೇ ಉಳಿಯಿತು. ಇವಳು ಹೊರಟೇ ಹೋಗುತ್ತಾಳೆ ಎಂಬ ಭಯ ಅವಳಿಗೆ ಹುಟ್ಟಿದ್ದು ಡಾಕ್ಟರು ಹೇಳಿದಾಗಲ್ಲ, ಆಗ.

ಚೇತನ್‌ಕುಮಾರನಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಹೆಂಡತಿಗೆ ಅವನ ಕಿಡ್ನಿ ಕೊಡುವಂತಿರಲಿಲ್ಲ. ಬೃಂದಾಳಿಗೆ ತಾಯಿ ತಂದೆ ಇಲ್ಲ, ಇದ್ದೊಬ್ಬ ಅಣ್ಣನ ರಕ್ತದ ಗುಂಪು ಹೊಂದಲಿಲ್ಲ. ಸುಂದ್ರಮ್ಮ ಯಾರನ್ನೂ ಕೇಳದೆ ಸೊಸೆಯ ಜೊತೆ ಮೈಸೂರಿನ ಬಸ್ಸು ಹತ್ತಿ, ಆಸ್ಪತ್ರೆಯಲ್ಲಿ ಕಿಡ್ನಿ ಕಸಿಯ ವ್ಯವಸ್ಥೆ ನೋಡಿಕೊಳ್ಳುವ ಅನುಶ್ರೀಯ ಮುಂದೆ ನಿಂತು, "ನಂದು ಆಯ್ತದಾ ನೋಡವ್ವ" ಎಂದಳು. ರಕ್ತ, ಮೂತ್ರ, ಹೃದಯ, ಸ್ಕ್ಯಾನು ಎಂದು ತಿಂಗಳುಗಟ್ಟಲೆ ನೋಡಿದರು. ಎಲ್ಲ ಸರಿಯಾಗಿತ್ತು.

ಸರಿಯಿಲ್ಲದ್ದು ಬೃಂದಾಳ ಮನಸ್ಸೊಂದೇ. "ನಿಮ್ದು ಬೇಡ ಅತ್ತೆ" ಎಂದು ಹಟ ಹಿಡಿದಳು. "ನಾಳೆ ಸಾರಿಗೆ ಉಪ್ಪು ಹೆಚ್ಚಾದ್ರೂ, ನನ್ ಕಿಡ್ನಿ ಮಡೀಕೊಂಡು ಇಂಗೆ ಮಾಡ್ತೀಯಲ್ಲೇ ಅಂತೀರ."

"ಅಂತೀನಿ! ಅನ್ನದೆ ಬುಟ್ಟೇನಾ? ಅನ್ನಿಸ್ಕಳಕ್ಕಾದ್ರೂ ನೀನು ಇರ್ಬೇಕಲ್ಲಮ್ಮಿ."

ಬೃಂದಾ ಮುಖ ತಿರುಗಿಸಿಕೊಂಡಳು. ಆದರೆ ಮತ್ತೆ ಬೇಡ ಅನ್ನಲಿಲ್ಲ.

ಕಾನ್‌ಸ್ಟೇಬಲ್ ಬಂದು ಹೋದ ಮಾರನೆಯ ವಾರ ಅನುಶ್ರೀ ಗುರುಪುರಕ್ಕೇ ಬಂದಳು. ಕಸಿಯಾದ ಮೇಲೆ ರೋಗಿ ಇರಬೇಕಾದ ಮನೆ ಹೇಗಿದೆ ಎಂದು ನೋಡುವುದೂ ಅವಳ ಕೆಲಸ. ಜೊತೆಗೆ ಅಂಗದಾನ ಮಾಡಿದ ಕುಟುಂಬಗಳ ಬಗ್ಗೆ ಅವಳು ಅಧ್ಯಯನ ಬೇರೆ ನಡೆಸುತ್ತಿದ್ದಳು. ಸುಂದ್ರಮ್ಮ ಅವಳನ್ನು ಸೀದಾ ಒಳಕೋಣೆಗೆ ಕರೆದುಕೊಂಡು ಹೋದಳು. ಎಷ್ಟೋ ವರ್ಷ ಹೊಗೆಸೊಪ್ಪಿನ ಹೊರೆ ಪೇರಿಸಿಡುತ್ತಿದ್ದ ಕೋಣೆ ಅದು. ಈಗ ಹೊರೆಗಳೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸಾಗಿ, ಗೋಡೆಗೆ ಸುಣ್ಣ ಬಳಿದು, ಕಿಟಕಿಗೆ ಸೊಳ್ಳೆಪರದೆ ಹೊಡೆದಿತ್ತು.

"ದೂಳು ಆಗಬಾರ್ದು ಅಂದಿದ್ದಲ್ಲವ್ವ. ಕುದ್ಸಿದ್ ನೀರಿಗೆ ಬ್ಯಾರೆ ಬಿಂದ್ಗೆ ಮಡಗಿವ್ನಿ. ನಾವೂ ಬಾಯ್ಗೆ ಮಾಸ್ಕ್ ಆಕ್ಕಂಡೇ ಒಳಕ್ಕೆ ಬರಾದು."

ಅನುಶ್ರೀ ಕಿಟಕಿಯ ಪರದೆಯನ್ನು ಮುಟ್ಟಿ ನೋಡಿದಳು. ಆಮೇಲೆ ಜಗಲಿಯಲ್ಲಿ ಕೂತು ವಿಷಯ ಹೇಳಿದಳು. ಪೊಲೀಸ್ ವರದಿಯಲ್ಲಿ ಅತ್ತೆ ಸೊಸೆಯ ನಡುವೆ ವೈಮನಸ್ಯವಿದೆ ಎಂದು ಬಂದಿದೆ. ತಾಯಿ, ತಂದೆ, ಒಡಹುಟ್ಟಿದವರು, ಗಂಡ, ಮಕ್ಕಳು, ಇವರನ್ನು ಕಾನೂನು ಹತ್ತಿರದವರು ಎನ್ನುತ್ತದೆ. ಅತ್ತೆ ಆ ಸಾಲಿನಲ್ಲಿಲ್ಲ. ಹಾಗಾಗಿ ಸಮಿತಿಯೊಂದು ಕೂತು ವಿಚಾರಿಸಲೇಬೇಕು.

"ಒಂದೇ ಸೂರ್ನಡೀಲಿ ಏಳೊರ್ಸ ಗುದ್ದಾಡ್ಕಂಡು ಬಂದಿವಿ. ನಾನು ದೂರ್ದೋಳಾ?" ಎಂದು ಸುಂದ್ರಮ್ಮ ಕೇಳಿದಳು. "ಅದ್ನ ಬರ್ದವ್ನಿಗೆ ಮದ್ವೆ ಆಗಿರ್ಲಿಲ್ವೇನೋ."

"ಬಲವಂತಕ್ಕೋ ಆಸೆಗೋ ಯಾರೂ ಅಂಗ ಕೊಡಬಾರದು ಅಂತಲೇ ಆ ಕಾನೂನಮ್ಮ. ಅದು ಬೇಕು" ಎಂದಳು ಅನುಶ್ರೀ. "ನನ್ನ ಅಧ್ಯಯನದಲ್ಲಿ ಕೊಡೋರೆಲ್ಲ ಹೆಚ್ಚಾಗಿ ಹೆಂಗಸರು, ತಗೊಳ್ಳೋರು ಹೆಚ್ಚಾಗಿ ಗಂಡಸರು. ಅತ್ತೆ ಸೊಸೆಗೆ ಕೊಟ್ಟಿದ್ದು ಇನ್ನೂ ಒಂದೂ ಸಿಕ್ಕಿಲ್ಲ. ಸಮಿತಿಯವರು ಕೇಳೇ ಕೇಳ್ತಾರೆ. ನೀವಿಬ್ಬರೂ ಜೊತೆಗಿರೋ ಹಳೇ ಫೋಟೋ ಏನಾದ್ರೂ ಇದ್ರೆ ಕೊಡಿ."

ಚೇತನ್‌ಕುಮಾರ್ ಮದುವೆಯ ಆಲ್ಬಮ್ ತಂದ. ಪಿರಿಯಾಪಟ್ಟಣದ ಸಮುದಾಯ ಭವನದಲ್ಲಿ ಆದ ಮದುವೆ. ನೆಂಟರಿದ್ದರು, ಇಷ್ಟರಿದ್ದರು, ಲಿಂಗಯ್ಯನಂತೂ ನಾಲ್ಕು ಫೋಟೋಗಳಲ್ಲಿ ಹಲ್ಲು ಕಿರಿದಿದ್ದ. ಹುಡುಗನ ತಾಯಿ ಮಾತ್ರ ಎಲ್ಲೂ ಇರಲಿಲ್ಲ. ಬೃಂದಾ ಏನೋ ಹೇಳಲು ಬಾಯಿ ತೆರೆದಳು, ಸುಂದ್ರಮ್ಮ ಕಣ್ಣಲ್ಲೇ ಗದರಿಸಿದಳು.

"ಈಗ ಮೊಬೈಲಲ್ಲಿ ತೆಗೆದ್ರಾಗಲ್ವಾ?" ಎಂದ ಮಗ.

"ಹಳೇದೇ ಆಗ್ಬೇಕು. ಇಲ್ದಿದ್ರೆ..." ಅನುಶ್ರೀ ಬೃಂದಾಳ ತೋಳು ನೋಡಿದಳು. ಡಯಾಲಿಸಿಸ್‌ಗೆ ಸೂಜಿ ಹಾಕುವ ನರ ಅಲ್ಲಿ ಎರಡು ಸಲ ಕೈಕೊಟ್ಟಿತ್ತು. ಸಮಿತಿ ಬೇಡವೆಂದರೆ, ಸತ್ತವರ ಮನೆಯವರು ದಾನ ಕೊಡುವ ಕಿಡ್ನಿಗಾಗಿ ಸಾಲಿನಲ್ಲಿ ವರ್ಷಗಟ್ಟಲೆ ಕಾಯಬೇಕು. ಅಷ್ಟು ಕಾಯುವ ಶಕ್ತಿ ಈ ಮೈಗೆ ಇಲ್ಲವೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. "ಮಗಳಿದ್ದ ಹಾಗೆ ಅಂತ ಹೇಳಿ ಅಮ್ಮ. ಅಷ್ಟು ಹೇಳಿ ಸಾಕು."

ಸಮಿತಿಯ ದಿನ ಮೈಸೂರಿನ ದಾರಿಯುದ್ದಕ್ಕೂ ಚೇತನ್‌ಕುಮಾರ್ ತಾಯಿಗೆ ಅದನ್ನೇ ಹೇಳಿಸಿದ. ಬಿಳಿಕೆರೆ ದಾಟುವಷ್ಟರಲ್ಲಿ ಸುಂದ್ರಮ್ಮನಿಗೆ ಪಾಠ ಬಾಯಿಗೆ ಬಂದಿತ್ತು. ಮನಸ್ಸಿಗೆ ಮಾತ್ರ ಹತ್ತಿರಲಿಲ್ಲ.

ಮೊದಲು ಅವಳೊಬ್ಬಳನ್ನೇ ಒಳಗೆ ಕರೆದರು. ಉದ್ದನೆಯ ಮೇಜು, ಅದರಾಚೆ ಬಿಳಿ ತಲೆಯ ಅಧ್ಯಕ್ಷರು, ಕನ್ನಡಕ ಹಾಕಿದ ಒಬ್ಬ ಡಾಕ್ಟರಮ್ಮ, ಇನ್ನಿಬ್ಬರು. ಮೂಲೆಯಲ್ಲಿ ಮೂರು ಕಾಲಿನ ಮೇಲೆ ಒಂದು ಕ್ಯಾಮೆರಾ. ಎಲ್ಲವನ್ನೂ ರೆಕಾರ್ಡ್ ಮಾಡುತ್ತಾರೆಂದು ಅನುಶ್ರೀ ಮೊದಲೇ ಹೇಳಿದ್ದಳು. ಸುಂದ್ರಮ್ಮನ ಕೈ ತಾನಾಗಿಯೇ ಸೆರಗನ್ನು ಎಳೆದು ಅರ್ಧ ಮುಖ ಮುಚ್ಚಿತು.

"ಸೊಸೆಗೆ ಯಾಕಮ್ಮ ಕಿಡ್ನಿ ಕೊಡ್ತೀರಿ?" ಎಂದು ಡಾಕ್ಟರಮ್ಮ ಕೇಳಿದರು.

"ಮಗ್ಳಿದ್ದಂಗೆ..." ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. "ಅಂಗೆ ಏಳು ಅಂತ ಏಳ್ಕೊಟ್ಟವ್ರೆ ಕಣವ್ವ. ಮಗ್ಳಲ್ಲ. ಮಗ್ಳಾಗಿದ್ರೆ ಮದ್ವೆ ಮಾಡಿ ಕಳ್ಸ್‌ಬುಡ್ತಿದ್ದೆ. ಇವ್ಳು ಸೊಸೆ. ನಾನಿರಗಂಟ ನನ್ ಮನೇಲೇ ಇರ್ಬೇಕಾದೋಳು."

ಅಧ್ಯಕ್ಷರು ಮುಂದಿದ್ದ ಕಾಗದದಿಂದ ತಲೆಯೆತ್ತಿದರು. "ನಿಮ್ಮಿಬ್ಬರಿಗೂ ಆಗಲ್ಲ, ದಿನಾ ಜಗಳ ಅಂತ ಇಲ್ಲಿದೆಯಲ್ಲಮ್ಮ?"

"ದಿಟ ಸ್ವಾಮಿ. ಆಡ್ತಿದ್ವಿ. ಈಗ ಆಡಾದಿಲ್ಲ. ನಾ ಬೈದ್ರೆ ಅವ್ಳು ಹೂಂ ಅಂತಾಳೆ. ಮನೇಲಿ ಜಗಳ ನಿಂತೋಗದೆ, ಅದ್ಕೇ ಬಂದಿರಾದು." ಸುಂದ್ರಮ್ಮ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು. "ನನ್ ಗಂಡ ಸತ್ ಮ್ಯಾಲೆ ಊರೋರೆಲ್ಲ ನನ್ನ ಪಾಪ ಅಂದ್ರು. ಯಾರೂ ನಂಜೊತೆ ಜಗಳ ಆಡ್ನಿಲ್ಲ. ಇವ್ಳು ಬಂದ್ಮ್ಯಾಲೆ ಆಡುದ್ಲು."

"ಜೊತೆಗೊಂದು ಫೋಟೋನೂ ಇಲ್ಲ ಅಂದ್ರಂತೆ?"

"ಅದು ನಂದೇ ತಪ್ಪು." ಅವಳು ಸೆರಗಿನಂಚು ಹಿಂಡುತ್ತಾ ಹೇಳಿದಳು. "ಮದ್ವೆ ದಿನ ಗಂಡ ಸತ್ತೋಳು ಮುಂದೆ ನಿಲ್ಬಾರ್ದು ಅಂತ ನಾನೇ ಅಡ್ಗೆ ಮನೆ ಸೇರ್ಕಂಡಿದ್ದೆ. ಇವ್ಳು ಕತ್ನಾಗಿನ ಹಾರ ಸಮೇತ ಎದ್ದು, ಫೋಟೋದವ್ನ ಎಳ್ಕಂಡು ಅಲ್ಲಿಗೇ ಬಂದ್ಲು. ಅತ್ತೆ ಜೊತೆ ತೆಗೀಬೇಕು ಅಂದ್ಲು. ಎಲ್ರೂ ನೋಡ್ತಾವ್ರೆ. ನಂಗೆ ಇನ್ನಿಲ್ದ ಸಿಟ್ಟು ಬತ್ತು. ಸೌಟು ತೋರ್ಸಿ ಅವ್ನ ಓಡುಸ್ದೆ. ನಮ್ ಮೊದುಲ್ನೇ ಜಗಳ ಅದೇಯ."

"ಕೊಡು ಅಂತ ನಿಮ್ಮನ್ನ ಯಾರಾದ್ರೂ ಬಲವಂತ ಮಾಡಿದಾರಾ?"

"ನನ್ನ?" ಸುಂದ್ರಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಮ್ಮೂರ್ಗೆ ಬಂದು ಕೇಳಿ ಸ್ವಾಮಿ, ಯಾರ್ಗದೆ ಆ ಧೈರ್ಯ?"

"ಆಪರೇಷನ್ ಅಂದ್ರೆ ಹೆದರಿಕೆ ಇಲ್ವಾ?" ಎಂದರು ಡಾಕ್ಟರಮ್ಮ.

"ಎದ್ರಿಕೆ ಅದೆ ಕಣವ್ವ. ಎದ್ರಿಕೆ ಇದ್ರೂ ಕೊಡ್ತೀನಿ."

ಡಾಕ್ಟರಮ್ಮ ಬೃಂದಾಳನ್ನು ಒಳಗೆ ಕರೆಸಿದರು. ಅವಳು ಬಾಗಿಲು ಹಿಡಿದು ನಿಧಾನವಾಗಿ ಬಂದು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಮಾಸ್ಕಿನ ಮೇಲೆ ಕಣ್ಣೆರಡೇ ಕಾಣುತ್ತಿದ್ದವು. ಮದುವೆಯ ದಿನ ಅತ್ತೆಯ ಜೊತೆ ಫೋಟೋ ಯಾಕೆ ಆಗಲಿಲ್ಲ ಎಂದು ಕೇಳಿದರು. ಸುಂದ್ರಮ್ಮ ಹೇಳಿಕೊಡುವ ಹಾಗಿರಲಿಲ್ಲ.

"ಅಡುಗೆ ಮನೆಗೇ ಕರ್ಕೊಂಡು ಹೋಗಿದ್ದೆ ಮೇಡಂ, ಫೋಟೋದವರನ್ನ. ಇವರು ಬರಲಿಲ್ಲ. ದೊಡ್ಡ ಹಂಡೆ ಹಿಂದೆ ಬಚ್ಚಿಟ್ಟುಕೊಂಡು ಅಳ್ತಿದ್ರು."

"ಯಾರಮ್ಮಿ ಅಳ್ತಿದ್ದೋರು?" ಸುಂದ್ರಮ್ಮ ಸರ್ರನೆ ತಿರುಗಿದಳು. ಎದುರಿಗೆ ಸಮಿತಿ ಇದೆಯೆಂಬುದೂ ಮರೆತುಹೋಯಿತು. "ಸೌಟ್ ತಗಂಡು ನಿಂತಿದ್ದೆ! ಕಣ್ಣಾಗೆ ನೀರು ಬಂದಿದ್ದು ಸೌದೆ ಒಲೆ ಒಗೆಗೆ."

"ಅಲ್ಲಿ ಗ್ಯಾಸ್ ಒಲೆ ಇತ್ತು ಅತ್ತೆ" ಎಂದಳು ಬೃಂದಾ.

"ಗ್ಯಾಸಂತೆ! ನೀನು ಕಂಡಿದ್ದೆ!"

"ಕಂಡಿದ್ದೆ. ನೀವು ಕಣ್ಣು ಒರೆಸ್ಕೊಂಡಿದ್ದು ನನ್ನ ಸೀರೆಗೇ ಅಲ್ವಾ? ರೇಷ್ಮೆ ಸೀರೆಗೆ. ಇನ್ನೂ ಕಲೆ ಇದೆ."

ಮೇಜಿನಾಚೆ ಯಾರೋ ನಕ್ಕರು. ಅಧ್ಯಕ್ಷರು ಕೆಮ್ಮಿದಂತೆ ಮಾಡಿ ಪೆನ್ನು ತೆಗೆದುಕೊಂಡರು. ಸುಂದ್ರಮ್ಮನಿಗೆ ಅದಾವುದೂ ಕಾಣಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಸೊಸೆ ಎದುರು ಮಾತಾಡಿದ್ದಳು. ಒಂದಕ್ಕೆ ಎರಡು. ಅಲ್ಲೇ ಕೂತು ಗೊಳೋ ಎಂದು ಅತ್ತುಬಿಡಬೇಕೆನ್ನುವಷ್ಟು ಸಂತೋಷವಾಯಿತು. ಅತ್ತರೆ ಸೊಸೆಯ ಮಾತೇ ಗೆಲ್ಲುತ್ತದಲ್ಲ ಎಂದು ತಡೆದುಕೊಂಡಳು.

ಮೇಜಿನಾಚೆಯ ನಾಲ್ವರೂ ಒಂದಿಷ್ಟು ಹೊತ್ತು ತಲೆ ಸೇರಿಸಿ ಪಿಸುಗುಟ್ಟಿದರು. "ನಮ್ಮ ಒಪ್ಪಿಗೆ ಇದೆಯಮ್ಮ" ಎಂದರು ಅಧ್ಯಕ್ಷರು. "ಕೊನೇದಾಗಿ ಇಬ್ಬರೂ ಜೊತೆಗೆ ಕೂತು, ಇಷ್ಟಪಟ್ಟೇ ಮಾಡ್ತಿದೀವಿ ಅಂತ ಕ್ಯಾಮೆರಾ ಮುಂದೆ ಹೇಳಿಬಿಡಿ."

ಕ್ಯಾಮೆರಾದವನು ಬಂದು ಎರಡು ಕುರ್ಚಿಗಳನ್ನೂ ಅದರೆದುರಿಗೆ ತಿರುಗಿಸಿದ. ಇನ್ನೂ ಹತ್ತಿರ ಅಂದ, ಇನ್ನೂ ಸ್ವಲ್ಪ ಅಂದ. ಇಬ್ಬರ ಮೊಣಕೈಯೂ ತಾಗಿದವು. ಅವನು ಒಳಗೆ ಕಣ್ಣಿಟ್ಟು ನೋಡಿ ತಲೆಯಾಡಿಸಿದ.

"ದೊಡ್ಡಮ್ಮ, ಸೆರಗು ಅಡ್ಡ ಬರ್ತಿದೆ. ಮುಖ ಕಾಣ್ತಿಲ್ಲ."

ಬೃಂದಾ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಕ್ಯಾಮೆರಾ ನೋಡುತ್ತಾ ಕಾದಳು. ಸುಂದ್ರಮ್ಮ ಒಮ್ಮೆ ಅವಳತ್ತ ನೋಡಿದಳು. ಆಮೇಲೆ ಸೆರಗನ್ನು ಮುಖದಿಂದ ಎಳೆದು, ಸೊಂಟಕ್ಕೆ ಬಿಗಿದು, ನೆಟ್ಟಗೆ ಕೂತಳು.

"ತೆಗಿಯಪ್ಪ" ಅಂದಳು.