ಹೊಸಿಲಿಲ್ಲದ ಮನೆ

ಬೆಳಗಿನ ತಿಂಡಿ ಮುಗಿದಾಗಿನಿಂದ ನೆಜ್ಮಿ ಹೊಸಿಲು ಹುಡುಕುತ್ತಿದ್ದ. ಆ ವಿಲ್ಲಾಕ್ಕೆ ಹೊಸಿಲಿರಲಿಲ್ಲ. ಬಾಗಿಲು ಎಂದು ಕರೆಯಬಹುದಾದದ್ದೂ ಇರಲಿಲ್ಲ. ಮುಂದಿನ ಗೋಡೆಯಷ್ಟೂ ಒಂದೇ ಗಾಜು. ಒಳಗಿನ ಕಲ್ಲುಹಾಸು ಸಂದು ಕಾಣದಂತೆ ಹೊರಗಿನದಕ್ಕೆ ಕೂಡಿಕೊಂಡಿತ್ತು. ಒಳಗೋಡೆಯ ಮೇಲಿನ ಅಂಗೈಯಗಲದ ಫಲಕವೊಂದನ್ನು ಮುಟ್ಟಿದರೆ ಆ ಗಾಜು ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತಿತ್ತು.

“ಬಂದವರು ಎಲ್ಲಿ ನಿಲ್ಲಬೇಕು? ನಾನೆಲ್ಲಿ ನಿಂತು ಬನ್ನಿ ಅನ್ನಬೇಕು?” ಎಂದು ಮಗಳನ್ನು ಕೇಳಿದ.

“ಎಲ್ಲಿ ಬೇಕಾದ್ರೂ ನಿಂತ್ಕೊಳಪ್ಪ. ಗಾಜು ಸರಿಯುತ್ತೆ, ಅವರು ಒಳಗೆ ಬರ್ತಾರೆ. ಅಷ್ಟೇ.”

“ಮೀನಿನ ತೊಟ್ಟೀಲಿ ನಿಂತ್ಕೊಂಡು ಮಗಳನ್ನ ಕೊಡು ಅಂತೀಯಾ?”

ಸೆಲ್ದಾ ಹಲ್ಲು ಕಚ್ಚಿಕೊಂಡಳು. ಅವಳು ಅಂಕಾರಾದಲ್ಲಿ ಎಂಜಿನಿಯರ್. ಕಟ್ಟಡಗಳ ಬಲ ಪರೀಕ್ಷಿಸುವುದು ಅವಳ ಕೆಲಸ. ತಾನೂ ತೋಲ್ಗಾನೂ ಮದುವೆಯಾಗುವುದೆಂದು ನಿಶ್ಚಯಿಸಿಕೊಂಡು ವರ್ಷವಾಗುತ್ತ ಬಂದಿತ್ತು. ಹೆಣ್ಣು ಕೇಳುವ ಶಾಸ್ತ್ರವೊಂದೇ ಬಾಕಿ. ಹುಡುಗನ ಕಡೆಯವರು ಹೂವು, ಚಾಕೊಲೇಟು ಹಿಡಿದು ಹುಡುಗಿಯ ಮನೆಗೆ ಬರಬೇಕು, ಹುಡುಗಿ ಕಾಫಿ ಮಾಡಿ ಕೊಡಬೇಕು, ಹಿರಿಯರೊಬ್ಬರು ಹೆಣ್ಣು ಕೇಳಬೇಕು, ತಂದೆ ‘ಕೊಟ್ಟೆವು’ ಅನ್ನಬೇಕು. ಒಂದು ಸಂಜೆಯ ಕೆಲಸ. ಆದರೆ ಬರುವುದಕ್ಕೆ ಹುಡುಗಿಯ ಮನೆ ಎಂಬುದೇ ಸದ್ಯಕ್ಕೆ ಇರಲಿಲ್ಲ.

ಅದಕ್ಕೆ ಕಾರಣ ಸೆಲ್ದಾಳೇ. ಕುತಾಹ್ಯಾದಲ್ಲಿ ಅಪ್ಪ ಅಮ್ಮ ಇದ್ದ ಹಳೆಯ ಕಟ್ಟಡದ ಕಂಬ ಕೊರೆಸಿ ಕಾಂಕ್ರೀಟಿನ ತುಂಡು ತೆಗೆಸಿ ನೋಡಿದಾಗ ಅದು ಬೆರಳ ನಡುವೆ ಉದುರಿತ್ತು. ನಾಳೆ ಭೂಮಿ ನಡುಗಿದರೆ ಇದು ನಿಲ್ಲುವುದಿಲ್ಲ, ಕೆಡವಿ ಹೊಸದಾಗಿ ಕಟ್ಟಿಸೋಣ ಎಂದು ನೆರೆಯವರನ್ನೆಲ್ಲ ಒಪ್ಪಿಸಿದವಳು ಅವಳು. ಕೆಡವುವ ಕೆಲಸ ಚಕಚಕನೆ ಮುಗಿಯಿತು. ಕಟ್ಟುವ ಕೆಲಸ ಗುಂಡಿ ತೋಡಿದಲ್ಲಿಗೆ ನಿಂತಿತು. ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಗುತ್ತಿಗೆದಾರ ಆಕಾಶದ ಕಡೆ ಕೈ ತೋರಿಸುತ್ತಿದ್ದ. ಅಲ್ಲಿಯವರೆಗೆ ಅಪ್ಪ ಅಮ್ಮ ರೈಲು ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಗಳಲ್ಲಿ, ಅರ್ಧ ಗಂಟು ಬಿಚ್ಚದೆ ದಿನ ದೂಡುತ್ತಿದ್ದರು. ಆ ಗೂಡಿಗೆ ಬೀಗರನ್ನು ಕರೆಯಲು ನೆಜ್ಮಿ ಸುತರಾಂ ಒಪ್ಪಲಿಲ್ಲ.

ಆಗ ತೋಲ್ಗಾನ ತಾಯಿ ಗುಲ್ತೆನ್ ಹಾನಿಮ್ (ಆ ಸೀಮೆಯಲ್ಲಿ ಹೆಂಗಸರಿಗೆ ಹಾನಿಮ್, ಗಂಡಸರಿಗೆ ಬೇ ಎಂದು ಸೇರಿಸುವುದು ಮರ್ಯಾದೆ) ಇಜ್ಮಿರಿನಿಂದ ಫೋನು ಮಾಡಿದ್ದರು. ಗಂಡ ತೀರಿಕೊಂಡ ಮೇಲೆ ಎಣ್ಣೆಗಾಣದ ವ್ಯವಹಾರವನ್ನು ಒಬ್ಬರೇ ನಡೆಸಿದ ಹೆಂಗಸು; ಅಡ್ಡಿ ಕಂಡರೆ ಅದನ್ನೇ ಮೆಟ್ಟಿಲು ಮಾಡಿಕೊಳ್ಳುವವರು. “ಸಮುದ್ರದ ಮೇಲಿನ ಗುಡ್ಡದ ರೆಸಾರ್ಟಿನಲ್ಲಿ ಎರಡು ವಿಲ್ಲಾ ಬಾಡಿಗೆಗೆ ಹಿಡಿದಿದೀನಿ, ನೆಜ್ಮಿ ಬೇ. ಮೇಲಿನದು ನಮಗೆ, ಕೆಳಗಿನದು ನಿಮಗೆ. ಕೆಳಗಿನದೇ ನಿಮ್ಮ ಮನೆ ಅಂದ್ಕೊಳ್ಳಿ, ನಾವು ಅಲ್ಲಿಗೇ ಬಂದು ಕೇಳ್ತೀವಿ.”

ನೆಜ್ಮಿ ಬಂದದ್ದು ನಿಜ. ಆದರೆ ಬಸ್ಸಿನಲ್ಲೇ ಮಗಳಿಗೆ ಹೇಳಿಬಿಟ್ಟಿದ್ದ: “ಮರ್ಯಾದೆಯಾಗಿ ಕೂತ್ಕೋತೀನಿ, ಕಾಫಿ ಕುಡೀತೀನಿ. ಕೇಳಿದರೆ, ನಮ್ಮ ಮನೆ ಎದ್ದ ಮೇಲೆ ಕುತಾಹ್ಯಾಕ್ಕೆ ಬನ್ನಿ ಅಂತೀನಿ. ಅವರು ಬಾಡಿಗೆ ಕೊಟ್ಟ ಗೋಡೆಗಳ ಮಧ್ಯೆ ಕೂತು ನನ್ನ ಮಗಳನ್ನ ಅವರಿಗೇ ಕೊಡೋಕಾಗಲ್ಲ.”

“ಮನೆ ಏಳೋದು ಯಾವ ಕಾಲಕ್ಕೋ ಅಪ್ಪ!”

“ಕೆಡವಿಸುವಾಗ ಯೋಚಿಸಬೇಕಿತ್ತು.”

ಅಪ್ಪನ ‘ಹೂಂ’ ಇಲ್ಲದೆಯೂ ಕಾನೂನಿನ ಪ್ರಕಾರ ಮದುವೆಯಾಗಬಹುದಿತ್ತು. ಆದರೆ ತನ್ನ ಮಾತು ನಂಬಿ ಮನೆಯನ್ನೇ ಕೆಡವಿಸಿದ ಮನುಷ್ಯನನ್ನು ದಾಟಿಕೊಂಡು ಹೋಗುವುದು ಅವಳಿಂದ ಆಗುತ್ತಿರಲಿಲ್ಲ. ಅದಕ್ಕೇ ಈ ಸಂಜೆಯೊಳಗೆ ಅವನ ಬಾಯಿಂದ ಆ ಒಂದು ಮಾತು ಬರಬೇಕಿತ್ತು.

ವಿಲ್ಲಾ ಮಾತ್ರ ಅವಳ ಪರವಾಗಿರಲಿಲ್ಲ. ದೀಪ ಹಾಕಲು ಹೋದರೆ ಪರದೆ ಇಳಿಯುತ್ತಿತ್ತು. ಗಂಟೆಗೊಮ್ಮೆ ಗೋಡೆಯೊಳಗಿಂದ ಅಂಜೂರದ ವಾಸನೆ ಬುಸ್ಸೆಂದು ಬರುತ್ತಿತ್ತು. ಪ್ರತಿ ಸಲವೂ ಅಮ್ಮ ಸಾದಿಯೆ “ಏನೋ ಕೊಳೀತಿದೆ” ಎಂದು ಹುಡುಕಲು ಏಳುತ್ತಿದ್ದಳು. ಕುತಾಹ್ಯಾದಲ್ಲಿ ಆಯುಷ್ಯವೆಲ್ಲ ಪಾದರಕ್ಷೆಯ ಅಂಗಡಿ ನಡೆಸಿದ ನೆಜ್ಮಿ, ರೆಸಾರ್ಟಿನವರು ಕೊಟ್ಟ ಬಿಳಿ ಚಪ್ಪಲಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, “ಇದನ್ನ ಅತಿಥಿಗಳ ಕಾಲಿಗೆ ಕೊಡೋದಾ? ಆಸ್ಪತ್ರೇಲಿ ಹೆಣಕ್ಕೆ ಹಾಕ್ತಾರೆ ಇಂಥದ್ದು” ಎಂದ.

ಮಧ್ಯಾಹ್ನ ಕಾಫಿಯ ಪರೀಕ್ಷೆ ನಡೆಯಿತು. ಅಡುಗೆಮನೆಯ ಯಂತ್ರ ಹನಿಹನಿಯಾಗಿ ಇಳಿಸುವ ಕಾಫಿಯನ್ನು ಬೀಗರಿಗೆ ಕೊಟ್ಟರೆ ಮಾನ ಹೋಗುತ್ತದೆಂದು ಸಾದಿಯೆ ಊರಿಂದಲೇ ಉದ್ದ ಹಿಡಿಯ ತಾಮ್ರದ ಕಾಫಿಪಾತ್ರೆಯನ್ನು ಬಟ್ಟೆಗಳ ನಡುವೆ ಸುತ್ತಿ ತಂದಿದ್ದಳು. ಒಲೆಯ ಮೇಲಿಟ್ಟಳು. ಕಪ್ಪು ಗಾಜಿನ ಒಲೆ ಒಮ್ಮೆ ಕಿರುಗುಟ್ಟಿ ಆರಿಹೋಯಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು.

“ನಮ್ಮ ಪಾತ್ರೆ ಕಂಡ್ರೆ ಇದಕ್ಕೂ ಕೊಬ್ಬು ನೋಡು” ಎಂದು ಒಲೆಗೊಂದು ಏಟು ಕೊಟ್ಟಳು.

“ಕೊಬ್ಬಲ್ಲಮ್ಮ, ಅದು ತಾಮ್ರ. ಈ ಒಲೆಗೆ ಅಯಸ್ಕಾಂತ ಅಂಟೋ ಲೋಹ ಬೇಕು.” ಸೆಲ್ದಾ ಕಬ್ಬಿಣದ ಬಾಣಲೆಯೊಂದನ್ನು ಹುಡುಕಿ ಒಲೆಯ ಮೇಲಿಟ್ಟು, ಅದರೊಳಗೆ ತಾಮ್ರದ ಪಾತ್ರೆ ಕೂರಿಸಿದಳು. ಬಾಣಲೆ ಕಾಯಿತು, ಬಾಣಲೆಯಿಂದ ಪಾತ್ರೆ ಕಾಯಿತು, ಕಾಫಿ ನೊರೆಯೆದ್ದು ಬಂತು. ಸಾದಿಯೆ ಮಗಳ ತಲೆ ಸವರಿದಳು. “ಓದಿದ್ದು ಸಾರ್ಥಕ ಆಯ್ತು. ಈಗ ನೀನು ಹೋಗಿ ಮುಖ ತೊಳ್ಕೋ. ನಾನು ಒಂದು ಸಲ ಒರೆಸಿಬಿಡ್ತೀನಿ.”

“ಏನನ್ನ? ಬೆಳಿಗ್ಗೆ ತಾನೇ ಮೂರು ಜನ ಬಂದು ಒರೆಸಿ ಹೋಗಿದಾರೆ!”

“ಅವರು ಒರೆಸಿದ್ದು ಅವರಿಗೆ. ಬೀಗರು ಬರೋ ಮನೇನ ನಾನು ಒರೆಸದೆ ಬಿಟ್ಟರೆ ನನಗೆ ಕೂತ್ಕೊಳೋಕಾಗಲ್ಲ.”

ಸೆಲ್ದಾ ಕೈಚೆಲ್ಲಿ ಸ್ನಾನಕ್ಕೆ ಹೋದಳು. ಅವಳು ಹೊರಬರುವಷ್ಟರಲ್ಲಿ ಇಡೀ ಮನೆ ವಿನೆಗರ್ ವಾಸನೆ ಹೊಡೆಯುತ್ತಿತ್ತು. ಮುಂದಿನ ಗಾಜು ಇದೆಯೋ ಇಲ್ಲವೋ ಎಂಬಂತೆ ಹೊಳೆಯುತ್ತಿತ್ತು. ಆ ಗಾಜಿನ ಆಚೆ, ಸಂಜೆಯ ಬಿಸಿಲಿನಲ್ಲಿ, ಬೀಗರು ಆಗಲೇ ಬಂದು ನಿಂತಿದ್ದರು.

ಮೂವರಿದ್ದರು. ಗುಲ್ತೆನ್ ಹಾನಿಮ್ ರೇಷ್ಮೆಯ ಉಡುಪಿನಲ್ಲಿ, ಚಾಕೊಲೇಟಿನ ಬೆಳ್ಳಿತಟ್ಟೆ ಹಿಡಿದು. ತೋಲ್ಗಾ ಮುಖವೇ ಕಾಣದಷ್ಟು ದೊಡ್ಡ ಹೂಗುಚ್ಛದ ಹಿಂದೆ. ಹೆಣ್ಣು ಕೇಳಲೆಂದು ಕರೆತಂದ ತೋಲ್ಗಾನ ದೊಡ್ಡತಾತ ಶಾಕಿರ್ ಬೇ ಊರುಗೋಲಿನೊಂದಿಗೆ. ಹಡಗಿನಲ್ಲಿ ಕಪ್ತಾನರಾಗಿದ್ದವರು, ಕಿವಿ ಮಂದ, ದನಿ ಮಾತ್ರ ಇನ್ನೂ ಬಿರುಗಾಳಿಗೆ ಕೇಳಿಸುವಂಥದು.

ನೆಜ್ಮಿ ಕೋಟಿನ ಗುಂಡಿ ಹಾಕಿಕೊಂಡು ಫಲಕ ಮುಟ್ಟಿದ. ಗಾಜು ಅಲುಗಲಿಲ್ಲ. ಒತ್ತಿದ. ಗುದ್ದಿದ. ಫಲಕದಲ್ಲಿ ಕೆಂಪು ದೀಪವೊಂದು ಹೊತ್ತಿಕೊಂಡಿತು. ಹೊರಗೋಡೆಯ ಮೇಲೂ ಅಂಥದೇ ಒಂದು ಫಲಕವಿತ್ತು. ಗುಲ್ತೆನ್ ಹಾನಿಮ್ ಬಗ್ಗಿ ಅದರಲ್ಲಿ ಮೂಡಿದ್ದನ್ನು ಓದುವುದು, ಅವರ ಹುಬ್ಬು ಮೇಲೇರುವುದು ಒಳಗಿನವರಿಗೆ ಸ್ಪಷ್ಟವಾಗಿ ಕಂಡಿತು. ತೋಲ್ಗಾ ಹೂವಿನ ಹಿಂದಿನಿಂದಲೇ ಸೆಲ್ದಾಳಿಗೆ ಫೋನು ಮಾಡಿದ.

“ಸೆಲ್ದಾ, ಇಲ್ಲಿ ‘ಅತಿಥಿಗಳು ಏಕಾಂತ ಬಯಸಿದ್ದಾರೆ, ದಯವಿಟ್ಟು ಹಿಂದಿರುಗಿ’ ಅಂತ ಬರ್ತಿದೆ. ನಿಮ್ಮಪ್ಪನೇ ಹಾಕಿಸಿದ್ದಾ?”

ಸೆಲ್ದಾ ತಾಯಿಯ ಕಡೆ ತಿರುಗಿದಳು. “ಅಮ್ಮ, ಇದನ್ನೂ ಒರೆಸಿದೆಯಾ?”

“ಅದರ ಮೇಲೆ ಎಲ್ಲರ ಬೆರಳಿನ ಗುರುತಿತ್ತಲ್ಲೇ” ಎಂದಳು ಸಾದಿಯೆ, ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಸೇರಿಸುತ್ತ. “ಚೆನ್ನಾಗೇ ಉಜ್ಜಿದೆ.”

ಸೆಲ್ದಾ ರೆಸಾರ್ಟಿನ ಕಚೇರಿಗೆ ಫೋನು ಮಾಡಿದಳು. ಅತ್ತ ಕಡೆಯ ದನಿ ಜೇನಿನಲ್ಲಿ ಅದ್ದಿದಂತಿತ್ತು. ಖಂಡಿತ ಹಾನಿಮ್, ಏಕಾಂತದ ಬೀಗವನ್ನು ನಮ್ಮವರೇ ಬಂದು ತೆಗೆಯಬೇಕು ಹಾನಿಮ್, ಈಗ ಎಲ್ಲರೂ ಅತಿಥಿಗಳಿಗೆ ಸೂರ್ಯಾಸ್ತ ತೋರಿಸಲು ಗುಡ್ಡದ ತುದಿಗೆ ಹೋಗಿದ್ದಾರೆ ಹಾನಿಮ್, ಮುಳುಗಿದ ಕೂಡಲೇ ಬರುತ್ತಾರೆ. “ಸೂರ್ಯ ಮುಳುಗೋದನ್ನ ಅವರೇನು ತಳ್ಳಬೇಕಾ?” ಎಂದು ಸೆಲ್ದಾ ಕೂಗಿದಳು. ಅದಕ್ಕೂ ಆ ದನಿ “ಖಂಡಿತ” ಎಂದಿತು.

ಹೊರಗೆ ಶಾಕಿರ್ ಬೇ ಸ್ವಲ್ಪ ಹೊತ್ತು ಕಾದರು. ಗಾಜಿನ ಈಚೆ ಹುಡುಗಿಯ ತಂದೆ ಸೂಟು ಹಾಕಿಕೊಂಡು ನೆಟ್ಟಗೆ ನಿಂತಿದ್ದ, ಪಕ್ಕದಲ್ಲಿ ತಾಯಿ, ಹಿಂದೆ ಹುಡುಗಿ. ಹೊಸ ಪದ್ಧತಿ ಹೀಗೇ ಇರಬೇಕೆಂದುಕೊಂಡರೋ ಏನೋ, ಗಂಟಲು ಸರಿಮಾಡಿಕೊಂಡು ಗಾಜಿಗೆ ಮುಖ ಕೊಟ್ಟು ಶುರುಮಾಡಿಯೇಬಿಟ್ಟರು. “ದೇವರ ಅಪ್ಪಣೆಯಂತೆ, ಪ್ರವಾದಿಯ ಮಾತಿನಂತೆ...”

ದಪ್ಪ ಗಾಜು. ಒಳಗೆ ಗುಂಯ್‌ಗುಡುವಿಕೆಯಷ್ಟೇ ಕೇಳಿಸಿತು. ಗುಲ್ತೆನ್ ಹಾನಿಮ್ ಅವರ ತೋಳು ಹಿಡಿದೆಳೆಯುತ್ತಿದ್ದರು.

ಸೆಲ್ದಾಳಿಗೆ ಮೈ ಪರಚಿಕೊಳ್ಳುವಂತಾಯಿತು. ಅಪ್ಪನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ? ದಾರಿ ತಾನಾಗಿಯೇ ಮುಚ್ಚಿಕೊಂಡಿದೆ. ಅವನು ಸುಮ್ಮನೆ ನಿಂತರೆ ಸಾಕು. ಅವಳು ಅವನ ಮುಖ ನೋಡಿದಳು. ಅಲ್ಲಿ ಗೆದ್ದ ಕಳೆ ಇರಲಿಲ್ಲ. ಕಿವಿಯ ತುದಿಯವರೆಗೆ ಕೆಂಪಾಗಿತ್ತು.

“ವಯಸ್ಸಾದ ಮನುಷ್ಯ,” ಎಂದ ನೆಜ್ಮಿ. “ಬಿಸಿಲಲ್ಲಿ ನಿಲ್ಲಿಸಿದೀವಿ. ಬಾಗಿಲಾಚೆ. ಹೂವು ಹಿಡ್ಕೊಂಡು ಬಂದವರನ್ನ!”

“ನಿಮಗೆ ಹೊಸಿಲು ಬೇಕಿತ್ತಲ್ಲ...” ಎಂದು ಸಾದಿಯೆ ಬಾಯಿ ತೆಗೆದಳು.

“ಸುಮ್ನಿರೇ! ಆಚೆ ಹೋಗೋಕೆ ಬೇರೆ ದಾರಿ ಎಲ್ಲಿದೆ?”

ಬೇರೆ ದಾರಿ ಹಿಂಬದಿಯಲ್ಲಿತ್ತು. ಹಿಂದಿನ ಜಗಲಿ ತೆರೆದೇ ಇತ್ತು. ಅಲ್ಲಿಂದ ಮುಂಬದಿಗೆ ಬರುವ ಜಾಗವನ್ನು ಮಾತ್ರ ವಿಲ್ಲಾ ಕಟ್ಟಿದವನು ಅಂದಕ್ಕೆಂದು ಈಜುಕೊಳಕ್ಕೆ ಬಿಟ್ಟುಕೊಟ್ಟಿದ್ದ. ಕೊಳದ ಒಂದು ಕವಲು, ಒಂದು ಕಡೆ ಬಂಡೆ ಮತ್ತೊಂದು ಕಡೆ ಗೋಡೆ ಇಟ್ಟುಕೊಂಡು, ಮನೆಯನ್ನು ಸುತ್ತಿ ಮುಂದಿನ ಅಂಗಳದವರೆಗೆ ಹರಿದಿತ್ತು.

ಸೆಲ್ದಾ ಕೂಗುವಷ್ಟರಲ್ಲಿ ನೆಜ್ಮಿ ನೀರಿಗಿಳಿದಿದ್ದ. ಶೂ ಬಿಚ್ಚಲಿಲ್ಲ. ತಾನೇ ಆರಿಸಿ ತಂದ ಕರುವಿನ ಚರ್ಮದ ಕಪ್ಪು ಶೂ. ಒದ್ದೆ ಚರ್ಮವನ್ನು ಕಂಡರೆ ಗಿರಾಕಿಗಳನ್ನು ಗದರುತ್ತಿದ್ದ ಮನುಷ್ಯ. ನೀರು ಮೊಣಕಾಲಿಗೆ ಬಂತು, ಒಂದು ಕಡೆ ತೊಡೆಗೂ ಬಂತು. ಕೋಟಿನ ಅಂಚು ಎತ್ತಿ ಹಿಡಿದು, ಗೋಡೆಗೆ ಒಂದು ಕೈ ಆನಿಸಿ, ಅವನು ಮೂಲೆ ತಿರುಗಿ ಮರೆಯಾದ.

ಮರುಕ್ಷಣ ಗಾಜಿನ ಆಚೆ ಕಾಣಿಸಿಕೊಂಡ. ತೊಟ್ಟಿಕ್ಕುವ ಪ್ಯಾಂಟಿನಲ್ಲೇ ಬಗ್ಗಿ ಶಾಕಿರ್ ಬೇ ಅವರ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡ. ಏನು ಹೇಳಿದನೆಂದು ಒಳಗೆ ಕೇಳಿಸಲಿಲ್ಲ. ತೋಲ್ಗಾ ಮತ್ತೆ ಮಾಡಿದ ಫೋನಿನಿಂದ ಸೆಲ್ದಾಳಿಗೆ ಕೇಳಿಸಿತು.

“ಬನ್ನಿ, ಬನ್ನಿ. ಹೆಜ್ಜೆ ಇಟ್ಟಿದ್ದು ಸಂತೋಷ. ನಮ್ಮ ಮನೆ ಸ್ವಲ್ಪ ವಿಚಿತ್ರ, ಬೇಜಾರು ಮಾಡ್ಕೋಬೇಡಿ. ಹಾನಿಮ್, ನನ್ನ ಕೈ ಹಿಡ್ಕೊಳ್ಳಿ, ಇಲ್ಲಿ ಜಾರುತ್ತೆ. ಏಯ್ ಹುಡುಗ, ಹೂವು ನನಗೆ ಕೊಡು, ನೀನು ತಾತನ್ನ ಹೊತ್ಕೋ.”

ನಮ್ಮ ಮನೆ. ಸೆಲ್ದಾ ಫೋನನ್ನು ಎದೆಗೆ ಒತ್ತಿಕೊಂಡಳು. ಉಸಿರಾಡಿದರೆ ಆ ಮಾತು ಎಲ್ಲಿ ಹಾರಿಹೋಗುತ್ತದೋ ಎಂಬಂತೆ.

ಅವರು ಹಿಂಬದಿಯಿಂದ ಬಂದರು. ಮೊದಲು ಹೂಗುಚ್ಛವನ್ನು ತಲೆಯ ಮೇಲೆತ್ತಿ ಹಿಡಿದ ನೆಜ್ಮಿ, ಅವನ ಇನ್ನೊಂದು ಕೈ ಹಿಡಿದು, ಬೆಳ್ಳಿತಟ್ಟೆಯನ್ನು ಭುಜದೆತ್ತರಕ್ಕೆ ಏರಿಸಿಕೊಂಡು, ಸೊಂಟದವರೆಗೆ ತೊಯ್ದ ರೇಷ್ಮೆಯಲ್ಲಿ ಗುಲ್ತೆನ್ ಹಾನಿಮ್. ಕೊನೆಗೆ ತೋಲ್ಗಾ; ಅವನ ಬೆನ್ನ ಮೇಲಿಂದ ಶಾಕಿರ್ ಬೇ ಊರುಗೋಲು ಚಾಚಿ “ಎಡಕ್ಕೆ ತಿರುಗಿಸು! ಆಳ ನೋಡ್ಕೋ!” ಎಂದು ಹಡಗು ನಡೆಸುತ್ತಿದ್ದರು.

ಸಾದಿಯೆ ಟವೆಲು ತರಲು ಓಡಿದಳು. ಸೆಲ್ದಾ ಕಾಫಿಗಿಟ್ಟಳು. ಕಾಫಿ ತಂದಾಗ ಎಲ್ಲರೂ ಜಗಲಿಯಲ್ಲಿ ಬರಿಗಾಲಲ್ಲಿ, ಸೊಂಟಕ್ಕೆ ಬಿಳಿ ಟವೆಲು ಸುತ್ತಿಕೊಂಡು, ಸ್ನಾನಗೃಹದಲ್ಲಿ ಸರದಿ ಕಾಯುವವರ ಹಾಗೆ ಸಾಲಾಗಿ ಕೂತಿದ್ದರು. ಹುಡುಗನ ತಾಳ್ಮೆ ಪರೀಕ್ಷಿಸುವ ಪದ್ಧತಿಯಂತೆ ಅವನ ಬಟ್ಟಲಿಗೆ ಅವಳು ಉಪ್ಪು ಹಾಕಿದ್ದಳು, ದಿನವಿಡೀ ಅನುಭವಿಸಿದ ಸಿಟ್ಟಿಗೆ ತಕ್ಕಷ್ಟು. ತೋಲ್ಗಾ ಒಂದೇ ಗುಟುಕಿಗೆ ಕುಡಿದ. ಕಣ್ಣಲ್ಲಿ ನೀರು ಬಂತು, ಮುಖ ಮಾತ್ರ ಕದಲಲಿಲ್ಲ.

ಶಾಕಿರ್ ಬೇ ಎರಡನೆಯ ಸಲ ಗಂಟಲು ಸರಿಮಾಡಿಕೊಂಡರು. “ದೇವರ ಅಪ್ಪಣೆಯಂತೆ, ಪ್ರವಾದಿಯ ಮಾತಿನಂತೆ, ನಿಮ್ಮ ಮಗಳು ಸೆಲ್ದಾಳನ್ನ ನಮ್ಮ ಹುಡುಗ ತೋಲ್ಗಾನಿಗೆ ಕೇಳ್ತಿದೀವಿ.”

ನೆಜ್ಮಿ ಬಟ್ಟಲನ್ನು ತಿರುಗಿಸುತ್ತ ಕೂತ. ಕೊಳದ ನೀರು ಅಂಚು ಮೀರಿ ಚೆಲ್ಲುವ ಸದ್ದಷ್ಟೇ ಕೇಳುತ್ತಿತ್ತು. ಗುಲ್ತೆನ್ ಹಾನಿಮ್ ಅವರ ತಾಳ್ಮೆ ತಪ್ಪಿತು.

“ನೆಜ್ಮಿ ಬೇ, ನಿಮ್ಮ ಮನಸ್ಸಲ್ಲಿರೋದು ಗೊತ್ತು. ಇದು ನಿಮ್ಮ ಮನೆಯಲ್ಲ, ಇಲ್ಲಿ ಉತ್ತರ ಕೊಡಲ್ಲ ಅಂತ ತಾನೆ? ಹೇಳಿಬಿಡಿ. ಕುತಾಹ್ಯಾಕ್ಕೆ ಬರ್ತೀವಿ. ಆ ಗುಂಡಿಯೊಳಗೇ ಇಳಿದು ಕೇಳಬೇಕಾದ್ರೂ ಸರಿ, ಇಳೀತೀವಿ. ನೀರಿಗೇ ಇಳಿದಾಯ್ತು!”

ನೆಜ್ಮಿ ತಲೆಯೆತ್ತಿದ. ಅವನ ಮುಖದಲ್ಲಿದ್ದದ್ದು ನಿಜವಾದ ನೋವು. “ಅದೇನು ಹಾನಿಮ್, ಹಾಗಂತೀರಿ? ನಿಮ್ಮನ್ನ ಕೈ ಹಿಡಿದು ಒಳಗೆ ಕರ್ಕೊಂಡು ಬಂದವನು ನಾನೇ ಅಲ್ವಾ? ನನ್ನ ಮನೆ ಅಲ್ಲದಿದ್ರೆ ನಾನ್ಯಾಕೆ ನೀರಿಗಿಳೀತಿದ್ದೆ?”

ಅವನು ಮಗಳ ಕಡೆ ತಿರುಗಿದ.

“ಯೋಚಿಸ್ತಿದ್ದೆ, ಅಷ್ಟೇ. ಮಾತು ಸುಲಭಕ್ಕೆ ಬರಲ್ಲ. ಒಬ್ಬಳೇ ಮಗಳು.” ಅವನು ಬಟ್ಟಲು ಕೆಳಗಿಟ್ಟ. “ಮಕ್ಕಳು ಒಪ್ಪಿದಾರೆ. ನಾವೂ ಒಪ್ಪಿದೀವಿ. ಕೊಟ್ಟೆವು.”

ಸಾದಿಯೆ ಅತ್ತುಬಿಟ್ಟಳು. “ಏನಂತೆ? ಏನಂತೆ?” ಎಂದು ಕೇಳುತ್ತಿದ್ದ ಶಾಕಿರ್ ಬೇ ಅವರ ಕಿವಿಗೆ ತೋಲ್ಗಾ “ಕೊಟ್ಟರಂತೆ!” ಎಂದು ಕೂಗಿದ. ಸೆಲ್ದಾ ಬಗ್ಗಿ ಅಪ್ಪನ ಕೈಗೆ ಮುತ್ತಿಟ್ಟಳು. ಆ ಕೈ ಇನ್ನೂ ತಣ್ಣಗಿತ್ತು. ಒಂದು ಗಳಿಗೆ ಅವಳ ಹಣೆಯ ಮೇಲೆ ಅದು ಹಾಗೇ ನಿಂತಿತು.

ಆಮೇಲೆ ನೆಜ್ಮಿ ಕಾಲು ಚಾಚಿ ಕೂತು, ಟವೆಲು ಬಿಗಿಮಾಡಿಕೊಂಡು, ಜಗಲಿಯನ್ನು ಆ ತುದಿಯಿಂದ ಈ ತುದಿಯವರೆಗೆ ಮೊದಲ ಸಲವೆಂಬಂತೆ ನೋಡಿದ.

“ಹಾನಿಮ್, ಇನ್ನೊಂದು ಮಾತು. ಮದುವೆಯ ಹಿಂದಿನ ರಾತ್ರಿ ಮೆಹಂದಿ ಶಾಸ್ತ್ರ ಹುಡುಗಿ ಮನೇಲೇ ಆಗಬೇಕಲ್ಲ. ನಮ್ಮ ಕಡೆ ಹೆಂಗಸರೇ ಎಂಬತ್ತು ಜನ ಬರ್ತಾರೆ. ಈ ಜಗಲಿ ಸಾಲುತ್ತೆ ಅಂತೀರಾ, ಆ ಕೊಳಕ್ಕೆ ಹಲಗೆ ಹೊದಿಸಿಬಿಡೋಣವಾ?”

ಎರಡು ವಿಲ್ಲಾ ಹಿಡಿದಾಗಿನಿಂದ ಯಾವ ಅಡ್ಡಿಗೂ ಕೈಚೆಲ್ಲದಿದ್ದ ಗುಲ್ತೆನ್ ಹಾನಿಮ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

“ಅಪ್ಪಾ!” ಎಂದಳು ಸೆಲ್ದಾ.

“ಏನೇ? ಕೇಳಿದರೆ ತಪ್ಪಾ?”