ಗುಡುಗಿಗೆ ಕಿತ್ತ ಪ್ಲಗ್

ಮಾವ ಕಾಣೆಯಾದಾಗ ಮನೆಯ ಹೊಸ ಫೋನಿಗೆ ಇನ್ನೂ ವಾರವೂ ತುಂಬಿರಲಿಲ್ಲ. ಅದನ್ನು ಹಟ ಹಿಡಿದು ಹಾಕಿಸಿದವಳು ನಾನೇ. ಜಕ್ಕೂರಿನಲ್ಲಿ ತಂತಿಯ ಫೋನ್ ನಿಲ್ಲಿಸುತ್ತೇವೆ ಎಂದು ಕಂಪನಿಯವರು ಹೇಳಿದಾಗ ನನ್ನ ಗಂಡ ಗಿರಿ, "ಹೋಗ್ಲಿ ಬಿಡೇ, ಎಲ್ರ ಕೈಲೂ ಮೊಬೈಲ್ ಇದೆ" ಎಂದಿದ್ದರು. ಎಲ್ಲರ ಕೈಯಲ್ಲೂ ಎಲ್ಲಿದೆ? ಮಾವ ಮುನಿವೆಂಕಟಯ್ಯನವರ ಕೈಯಲ್ಲಿ ಮೊಬೈಲ್ ನಿಲ್ಲುತ್ತಿರಲಿಲ್ಲ, ತಲೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಸೊಸೆಯ ಹೆಸರು ಹೋಗಿತ್ತು, ಮಗನ ಹೆಸರೂ ಹೋಗಿತ್ತು. ಉಳಿದದ್ದು ಮನೆಯ ನಂಬರೊಂದೇ. ಗುಲಾಬಿ ತೋಟವಿದ್ದ ಕಾಲದಲ್ಲಿ ಹೂವಿನ ವ್ಯಾಪಾರಿಗಳಿಗೆ ಹೇಳಿ ಹೇಳಿ ಅದು ನಾಲಿಗೆಗೆ ಅಂಟಿಬಿಟ್ಟಿತ್ತು.

ಆ ನಂಬರನ್ನು ಉಳಿಸಲೇಬೇಕಿತ್ತು. ಒಬ್ಬ ಏಜೆಂಟ್, "ಫ್ಯಾನ್ಸಿ ನಂಬರ್ ಕೊಡ್ತೀವಿ ಮೇಡಂ, ಹಳೇದ್ಯಾಕೆ?" ಎಂದ. ಅವನಿಗೆ ಸರಿಯಾಗಿ ಬೈದೆ. ಕೊನೆಗೆ ಇನ್ನೊಂದು ಕಂಪನಿಯವರು ಹಳೆಯ ನಂಬರನ್ನೇ ಇಂಟರ್ನೆಟ್ಟಿನ ಮೇಲೆ ಓಡಿಸಲು ಒಪ್ಪಿದರು. ಟೆಕ್ನಿಷಿಯನ್ ವಿಜಯ್ ಕುಮಾರ್ ನಮ್ಮ ಹಳೆಯ ಫೋನನ್ನು ಒಂದು ಬಿಳಿ ಪೆಟ್ಟಿಗೆಗೆ ಸಿಕ್ಕಿಸಿ, "ಮೊದ್ಲು ಫೋನಿನ ತಂತೀಲೇ ಕರೆಂಟ್ ಬರ್ತಿತ್ತು. ಇದಕ್ಕೆ ಮನೆ ಕರೆಂಟೇ ಬೇಕು. ಪೆಟ್ಟಿಗೆ ಆಫ್ ಆದ್ರೆ ಫೋನೂ ಆಫ್" ಎಂದ. ನಾನೇನು ದಡ್ಡಿಯೇ? ಅಂದೇ ಪೆಟ್ಟಿಗೆಗೊಂದು ಬ್ಯಾಟರಿ ತಂದಿಟ್ಟೆ. ಸಂಜೆ ಕರೆಂಟ್ ಹೋದರೂ ಹಸಿರು ದೀಪ ಆರಲಿಲ್ಲ. ಗೆದ್ದೆ ಎಂದು ಬೀಗಿದೆ.

ಬುಧವಾರ ತಿಂಡಿಯಾದ ಮೇಲೆ ನೋಡಿದರೆ ಗೇಟು ತೆರೆದಿತ್ತು, ಮಾವ ಇರಲಿಲ್ಲ.

ಗಿರಿ ಬೈಕ್ ಹತ್ತಿ ಯಲಹಂಕದ ಕಡೆ ಹೋದರು. ನಾನು ಅತ್ತೆ ಕೃಷ್ಣಮ್ಮನವರನ್ನು ಫೋನಿನ ಪಕ್ಕ ಕೂರಿಸಿ, "ಯಾರ ಕೈಲಾದ್ರೂ ನಂಬರ್ ಹೊಡಿಸೇ ಹೊಡಿಸ್ತಾರೆ ಅತ್ತೆ. ನೀವು ಇಲ್ಲಿಂದ ಅಲ್ಲಾಡ್ಬೇಡಿ" ಎಂದು ಹೇಳಿ ಕೆರೆಯ ಕಡೆ ಓಡಿದೆ. ನೀರಿನತ್ತ ನೋಡಲು ಭಯ, ನೋಡದಿರಲೂ ಭಯ. ಪೊಲೀಸರಿಗೆ ಫೋಟೋ ಕೊಟ್ಟೆ. ಸಿಕ್ಕಸಿಕ್ಕ ಆಟೋದವರ ಮುಂದೆಲ್ಲ ಕಣ್ಣೀರಿಟ್ಟೆ. ಮಧ್ಯಾಹ್ನ ಮೋಡ ಕವಿದು ಗುಡುಗತೊಡಗಿದಾಗ ಮನೆಗೆ ಬಂದೆ.

ಟೀವಿ, ಫ್ರಿಜ್ಜು, ಮಿಕ್ಸಿ, ಎಲ್ಲದರ ಪ್ಲಗ್ಗೂ ಕಿತ್ತು ನೆಲದ ಮೇಲಿತ್ತು. ಹಿಂದೊಮ್ಮೆ ಸಿಡಿಲಿಗೆ ಟೀವಿ ಸುಟ್ಟುಹೋದಾಗಿನಿಂದ ಗುಡುಗಿದರೆ ಸಾಕು, ಅತ್ತೆಯ ಕೈ ತಾನಾಗಿ ಪ್ಲಗ್ಗಿಗೆ ಹೋಗುತ್ತದೆ. ಹಳೆಯ ಫೋನಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಈಗ ಬ್ಯಾಟರಿಯಿಂದ ಬಿಳಿ ಪೆಟ್ಟಿಗೆಗೆ ಹೋಗುವ ಪಿನ್ನನ್ನೂ ಅವರು ಬಿಟ್ಟಿರಲಿಲ್ಲ. ರಿಸೀವರ್ ಎತ್ತಿದೆ, ಸದ್ದೇ ಇಲ್ಲ. ಆ ಸತ್ತ ಫೋನಿನ ಪಕ್ಕದಲ್ಲೇ ಅತ್ತೆ ಕೈಮುಗಿದು ಕೂತಿದ್ದರು.

"ಏನ್ ಮಾಡಿದ್ರಿ ಅತ್ತೆ! ಫೋನೇ ಆಫ್ ಆಗೋಗಿದೆ!" ಎಂದು ಕಿರುಚಿದೆ.

"ಫೋನ್ ಮುಟ್ನಿಲ್ಲ ಕಣವ್ವ, ಪಿಲಗ್ ಕಿತ್ತೆ ಅಷ್ಟೇಯ. ಅವ್ರು ಬರೋ ಒತ್ಗೆ ಮನೆ ಸುಟ್ಟೋದ್ರೆ?"

ಎಳೆದ ರಭಸಕ್ಕೆ ಪಿನ್ ಸೊಟ್ಟಗಾಗಿತ್ತು. ಒತ್ತಿ ಹಿಡಿದರೆ ದೀಪ, ಬಿಟ್ಟರೆ ಕತ್ತಲೆ. ಕೆಂಪು ದೀಪ ಮಿನುಗಿ ಮಿನುಗಿ ಕೊನೆಗೆ ಹಸಿರಾಯಿತು. ಆಗ ನನ್ನ ಮೊಬೈಲಿಗೆ ಕಂಪನಿಯ ಮೆಸೇಜ್ ಬಂತು. ಪೆಟ್ಟಿಗೆ ಆಫ್ ಆಗಿದ್ದಾಗ ಯಾರೋ ಮನೆಗೆ ಕರೆ ಮಾಡಿದ್ದರು. ಆ ನಂಬರಿಗೆ ಹೊಡೆದು ಸ್ಪೀಕರ್ ಹಾಕಿದೆ. ಎತ್ತಿದವನು ಬಾಗಲೂರಿನಲ್ಲಿ ಬೇಕರಿ ಇಟ್ಟಿರುವ ಜೀಷಾನ್.

"ಹೌದಕ್ಕಾ, ಒಬ್ರು ಅಜ್ಜ ಬಂದಿದ್ರು. ನಂಬರ್ ಪಟಪಟ ಅಂತ ಹೇಳಿದ್ರು, ಹೊಡೆದ್ರೆ ಸ್ವಿಚ್ ಆಫ್. 'ಅಂಗಾದ್ರೆ ಮನೇಲಿ ಯಾರೂ ಉಳಿದಿಲ್ಲ ಬಿಡು' ಅಂದ್ಬಿಟ್ಟು ಮಳೇಲೇ ಎದ್ದೋದ್ರು. ಎಷ್ಟ್ ಕೂಗಿದ್ರೂ ತಿರುಗ್ಲಿಲ್ಲ."

ಅತ್ತೆಗೆ ಅದು ಕೇಳಿಸಿತು. ನನ್ನ ಬೆರಳು ಸರಿಸಿ ಪಿನ್ನನ್ನು ತಾವೇ ಒತ್ತಿ ಹಿಡಿದು ಕೂತರು. ಹೊರಗೆ ಮಿಂಚು ಹೊಡೆದಾಗೆಲ್ಲ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. "ನೀನು ಓಗು" ಎಂದರು.

ಆಟೋದಲ್ಲಿ ದಾರಿಯುದ್ದಕ್ಕೂ ಅತ್ತೆಯ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಸಿಟ್ಟು. ಬ್ಯಾಟರಿ ನೆನಪಾದವಳಿಗೆ ಅತ್ತೆಯ ಕೈ ನೆನಪಾಗಬಾರದಿತ್ತೇ? ಬಾಗಲೂರಿನ ಬಸ್ ಸ್ಟಾಪ್ ದಾಟಿದ ಮೇಲೆ ಒಂದು ಕಾಂಪೌಂಡ್ ಗೋಡೆಗೆ ಒರಗಿ ಮಾವ ಕೂತಿದ್ದರು, ನೆನೆದು ಮುದ್ದೆಯಾಗಿ. ಓಡಿಹೋಗಿ ಕೈ ಹಿಡಿದೆ. ಕೊಡವಿಕೊಂಡರು.

"ನೀನ್ಯಾರವ್ವ? ಎಲ್ಲಿಗ್ ಕರೀತೀಯ?"

"ಮನೆಗೆ ಮಾವ. ನಾನು ಮಂಜುಶ್ರೀ, ನಿಮ್ಮ ಸೊಸೆ."

"ಯಾವ ಮನೆ? ಫೋನ್ ಮಾಡಿಸ್ದೆ. ಯಾರೂ ಇಲ್ಲ ಅಲ್ಲಿ."

ಎಳೆದೆ, ಬೇಡಿಕೊಂಡೆ, ಕಾಲಿಗೂ ಬಿದ್ದೆ. ಅವರು ಗೋಡೆ ಬಿಡಲಿಲ್ಲ. ಆಟೋದವನು ನನ್ನನ್ನೇ ಅನುಮಾನದಿಂದ ನೋಡತೊಡಗಿದ. ಬೇರೆ ದಾರಿ ಕಾಣದೆ ಮೊಬೈಲಿನಲ್ಲಿ ಬೆಂಗಳೂರಿನ ಕೋಡ್ ಸೊನ್ನೆ ಎಂಟು ಸೊನ್ನೆ ಒತ್ತಿ ಅವರ ಕೈಗಿಟ್ಟೆ. "ಇನ್ನೊಂದ್ ಸಲ ಹೊಡೀರಿ ಮಾವ, ಒಂದೇ ಸಲ."

ಅವರ ಬೆರಳು ಒಂದೂ ತಪ್ಪದೆ ಉಳಿದ ನಂಬರನ್ನು ಒತ್ತಿತು. ಅದೇ ಹೊತ್ತಿಗೆ ನೆಲ ಅದುರುವಂತೆ ಗುಡುಗಿತು. ಮುಗಿಯಿತು, ಅತ್ತೆ ಕೈ ಬಿಟ್ಟಿರುತ್ತಾರೆ ಎಂದುಕೊಂಡೆ.

ರಿಂಗಾಯಿತು. ಎತ್ತಿದರು. ಹಲೋ ಅನ್ನಲಿಲ್ಲ.

"ಮನೇಲೇ ಇವ್ನಿ ಕಣ್ರೀ," ಎಂಬ ಅತ್ತೆಯ ಅಳು ಮಳೆಯ ಸದ್ದಿನಲ್ಲೂ ನನಗೆ ಕೇಳಿಸಿತು. "ಎಲ್ಲೂ ಓಗಿಲ್ಲ. ಇಲ್ಲೇ ಇವ್ನಿ. ಬನ್ನಿ."

ಮಾವ ಫೋನನ್ನು ಕಿವಿಗೆ ಒತ್ತಿಕೊಂಡರು. ಆಮೇಲೆ ಪಂಚೆ ಕೊಡವಿಕೊಂಡು ಎದ್ದು, "ನಮ್ಮನೇಲಿ ಅವ್ರೆ ಕಣವ್ವ" ಎಂದು ನನಗೆ ಹೇಳಿ ಆಟೋ ಹತ್ತಿದರು.