ಕುಂಡದಡಿಯ ಕೀಲಿ

ಲಾಂಡ್ರಿಯಲ್ಲಿ ಒಂದು ಕಟ್ಟಳೆಯಿತ್ತು: ಗಿರಾಕಿಯ ಜೇಬಿನಲ್ಲಿ ಸಿಕ್ಕಿದ್ದು ಡಬ್ಬಿಗೆ, ಬಾಯಿಗಲ್ಲ. ಸಿನಿಮಾ ಟಿಕೆಟ್ಟು, ಗಂಡಸಿನ ಅಂಗಿಯಲ್ಲಿ ಸಿಕ್ಕ ಒಂಟಿ ಓಲೆ, ಒಂದು ಸಲ ಹಲ್ಲಿನ ಸೆಟ್ಟು, ಎಲ್ಲವೂ ತಗಡಿನ ಡಬ್ಬಿ ಸೇರುತ್ತಿದ್ದವು. ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಜೇಬಿನ ವಿಷಯದಲ್ಲಿ ಇಷ್ಟು ಮರ್ಯಾದಸ್ಥರಾದ ಈ ಜನ, ಹಾಡು ಸಿಕ್ಕರೆ ಮಾತ್ರ ಒಳಹೊಲಿಗೆ ಬಿಚ್ಚದೆ ಬಿಡುತ್ತಿರಲಿಲ್ಲ.

ಟೀ ಹೊತ್ತಿಗೆ ರೇಡಿಯೋ ಆ ಹೊಸ ಹಾಡು ಹಾಕಿತು:

ನೀಲಿ ಪೆಟ್ಟಿಗೆ ಹಿಡಿದು ಕೂತೆ, ಕೊನೆಯ ಬಸ್ಸೂ ಹೋಯಿತು
ಕುಂಡದಡಿಯ ಕೀಲಿಗಷ್ಟೇ ಮರಳಿ ಬಂದದ್ದು ಗೊತ್ತಾಯಿತು

ಅಲ್ಲಿ ದುಡಿಯುತ್ತಿದ್ದ ಅಕ್ಕತಂಗಿಯರಲ್ಲಿ ಇಸ್ತ್ರಿ ಮಾಡುತ್ತಿದ್ದ ತಂಗಿಯ ಬೆನ್ನು ಬೆವರಿತು. ಹಾಡು ಬರೆದವಳು ಅವಳೇ. ಸುಳ್ಳು ಹೆಸರಿನಲ್ಲಿ ಗಾಯಕನಿಗೆ ಕಳಿಸಿದ್ದಳು. ಕಥೆ ಮಾತ್ರ ಅಕ್ಕನದು. ಮದುವೆಗೆ ಮುಂಚೆ ಯಾರಿಗೋ ಕಾದು, ಅವನು ಬಾರದೆ, ಸದ್ದಿಲ್ಲದೆ ಮನೆಗೆ ಮರಳಿದ್ದನ್ನು ಅಕ್ಕ ಇವಳೊಬ್ಬಳಿಗೇ ಹೇಳಿದ್ದಳು. ಆ ಅಕ್ಕ ಈಗ ಎದುರಿಗೇ ಚಾದರ ಮಡಚುತ್ತಿದ್ದಳು. ಅವಳ ಗಂಡ, ಲಾಂಡ್ರಿ ವ್ಯಾನಿನ ಡ್ರೈವರು, ಬಾಗಿಲಿಗೊರಗಿ ಟೀ ಹೀರುತ್ತಿದ್ದ. ಭಾವನಿಗೆ ಗೊತ್ತಾದರೆ ಅಕ್ಕನ ಸಂಸಾರದ ಗತಿ?

"ಇದು ಸಾರಿಗೆ ಇಲಾಖೆ ಮೇಲಿನ ಹಾಡು ಕಣ್ರೋ," ಎಂದ ಮೆಷಿನ್ ನೋಡಿಕೊಳ್ಳುವವನು. ಮಾತು ಸದಾ ಉಕ್ಕುತ್ತಿದ್ದುದರಿಂದ ಅವನಿಗೆ ನೊರೆ ಎಂದೇ ಹೆಸರು. "ಇನ್ನೊಂದು ಬಸ್ಸು ಬಿಟ್ಟಿದ್ರೆ ಹಾಡೇ ಇರ್ತಿರಲಿಲ್ಲ."

"ಥೂ, ನಿನ್ನ ತಲೆಗಿಷ್ಟು ಸೋಪು ಹಾಕ! ಹೆಣ್ಣು ಓಡಿಹೋಗೋಕೆ ಹೊರಟಿದಾಳೆ, ಅವನು ಕೈ ಕೊಟ್ಟಿದಾನೆ. ವಾಪಸ್ ಬಂದು ಇನ್ಯಾರನ್ನೋ ಕಟ್ಕೊಂಡಿದಾಳೆ," ಎಂದ ಭಾವ.

"ಪಾಪ, ಆ ಗಂಡ!" ಎಂದ ನೊರೆ.

"ಅವನಿಗೇನು ಗೊತ್ತು? ಆರಾಮಾಗಿ ಟೀ ಕುಡೀತಿರ್ತಾನೆ." ಭಾವ ತಾನೇ ನಕ್ಕ. ಆಮೇಲೆ ಲೋಟ ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದ. "ನಮ್ಮ ಮಾವನ ಮನೇಲೂ ಕೀಲಿ ಕುಂಡದಡೀಲೇ ಇಡ್ತಿದ್ರು, ಅಲ್ವೇನೇ?"

ತಂಗಿಯ ಇಸ್ತ್ರಿಪೆಟ್ಟಿಗೆ ಇದ್ದಲ್ಲೇ ನಿಂತಿತು. ಅಂಗಿ ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಅವಳಿಗೆ ಎಚ್ಚರ.

ಅಕ್ಕ ಚಾದರದ ಅಂಚಿಗೆ ಅಂಚು ಕೂಡಿಸಿದಳು. "ಹೌದ್ರೀ, ಆ ಹೆಣ್ಣು ನಾನೇ. ನೀಲಿ ಪೆಟ್ಟಿಗೆ ಅಟ್ಟದ ಮೇಲಿದೆ, ಇಳಿಸ್ಕೊಡಿ. ಈಗ ಮನೇದೇ ವ್ಯಾನಿದೆ, ಬಸ್ಸಿಗೆ ಕಾಯೋ ಕರ್ಮ ತಪ್ಪಿತು."

ಲಾಂಡ್ರಿಗೆ ಲಾಂಡ್ರಿಯೇ ಬಿದ್ದು ಬಿದ್ದು ನಕ್ಕಿತು. ನೊರೆಗೆ ಟೀ ನೆತ್ತಿಗೇರಿತು. ಭಾವನೂ ನಕ್ಕು, ಬಟ್ಟೆಗಂಟು ಹೊತ್ತು ಹೊರನಡೆದ.

ಅಕ್ಕ ತಂಗಿಯ ಮೇಜಿಗೆ ಬಂದು ಸುಟ್ಟ ಅಂಗಿಯನ್ನು ಎತ್ತಿ ಹಿಡಿದಳು. "ಸಿಕ್ಕಿದ್ದು ಡಬ್ಬಿಗೆ, ಬಾಯಿಗಲ್ಲ. ಕೆಲಸಕ್ಕೆ ಸೇರಿದ ದಿನ ನಿಂಗೆ ಹೇಳಿಕೊಟ್ಟಿದ್ದು ಯಾರೇ?"

"ಅಕ್ಕಾ..." ತಂಗಿ ಸುಟ್ಟ ಅಂಗಿಗೆ ಕೈ ಚಾಚಿದಳು.

ಹೊರಗೆ ಭಾವ ಹಾಡುತ್ತ ವ್ಯಾನಿಗೆ ಗಂಟು ಎಸೆಯುತ್ತಿದ್ದ. ಹಾಡೆಂದರೆ ಒಂದಕ್ಷರ ಬಿಡುವ ಆಸಾಮಿಯಲ್ಲ. ನೀಲಿ ಪೆಟ್ಟಿಗೆ ಬಂತು, ಕೊನೆಯ ಬಸ್ಸೂ ಹೋಯಿತು. ಹಾಡಿನಲ್ಲಿ ಕುಂಡದಡಿಯ ಕೀಲಿಯ ಸಾಲು ಬಂದಾಗ ಮಾತ್ರ ಪದ ಬಿಟ್ಟು ಬರೀ ಸೀಟಿ ಹಾಕಿದ.

ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.